ಕಳ್ಳು, ಚಕ್ಕಣ ಮತ್ತು ಗುತ್ತಿಗೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಅಗ್ಗದ ಪಾನದ ಚರಿತ್ರೆ

೧

ಜಗತ್ತಿನ ಪ್ರಸಿದ್ಧ ದ್ರಾಕ್ಷಾಮದ್ಯಗಳ ಹೆಸರುಗಳನ್ನು ಅವಲೋಕಿಸಿದರೆ ಅವುಗಳಲ್ಲಿ ಹೆಚ್ಚಿನವು ಊರಿನ ಅಥವಾ ಸೀಮೆಯ ಹೆಸರುಗಳೆಂಬುದು ವಿದಿತವಾಗುತ್ತದೆ. ಬೋರ್ಡೊ ಒಂದು ಪಟ್ಟಣ. ಶಾಂಪೇನ್ ಒಂದು ಪ್ರಾಂತ. ಕಿಯಾಂಟಿ ಇಟಲಿಯ ಬೆಟ್ಟಗುಡ್ಡಗಳ ಒಂದು ಸೀಮೆ. ಪೋರ್ಟ್ ಎಂಬುದು ಪೋರ್ಚುಗಲ್ಲಿನ ಪೋರ್ತು ಎಂಬ ರೇವುಪಟ್ಟಣದಿಂದ ಬಂದ ಹೆಸರು. ಈ ಸೀಮೆಗಳ ಮದ್ಯವೆಲ್ಲವೂ ಬೆಲೆಯುಳ್ಳದ್ದೆಂದು ಭಾವಿಸಬೇಕಾಗಿಲ್ಲ. ಅಲ್ಲಿಯ ರೈತನೂ ಕೂಲಿಯವನೂ ದಿನನಿತ್ಯದ ಊಟದೊಡನೆ ಕುಡಿಯುವ ಅಗ್ಗದ ಮದ್ಯಕ್ಕೂ ಅನೇಕ ಕಡೆ ಊರಿನ ಹೆಸರುಂಟು. ಅದರೊಡನೆ ಯಾವ ಆಹಾರ ಹೊಂದುವುದೆಂಬ ತಿಳಿವಳಿಕೆಯೂ ಪರಂಪರೆಯಿಂದ ಬಂದಿದೆ. ಇಂದು ಅಗ್ಗದ ದ್ರಾಕ್ಷಾಮದ್ಯಗಳ ರುಚಿ ನೋಡಿ ಅವುಗಳಿಗೆ ಒಪ್ಪುವ ಆಹಾರವನ್ನು ಸೂಚಿಸುವ ಒಂದು ವಿದ್ಯೆಯೇ ಬೆಳೆದು ನಿಂತಿದೆ.

ನಮ್ಮ ನಾಡಿನಲ್ಲಿಯೂ ಸಾಮಾನ್ಯ ಜನರು ಶತಮಾನಗಳಿಂದ ಅಗ್ಗದ ಪಾನವೊಂದನ್ನು ಸೇವಿಸುತ್ತ ಬಂದರು. ಆದರೆ ಜಗಳೂರಿನ ಕಳ್ಳೆಂದಾಗಲಿ ಹೊನ್ನಾಳಿಯ ಹೆಂಡವೆಂದಾಗಲಿ ಸೀಮೆಯ ಹೆಸರಿನಿಂದ ಕೀರ್ತಿ ಪಡೆದ ಪಾನ ಇಲ್ಲಿ ಉಳಿದುಬರಲಿಲ್ಲ. ಇದಕ್ಕೆ ಕಾರಣವೇನು? ಇಲ್ಲಿಯ ಪಾನಕ್ಕೆ ಸ್ಥಳಗುಣವಿರಲಿಲ್ಲವೇ? ಅದರೊಡನೆ ತಿನ್ನುವ ಆಹಾರದ ವಿಚಾರದಲ್ಲಿ ಜನರಿಗೆ ವಿವೇಕವಿರಲಿಲ್ಲವೇ? ಅಥವಾ ಚರಿತ್ರೆಯಲ್ಲಿಯೇ ಬೇರೆ ಕಾರಣಗಳಿವೆಯೇ? ಇಂದಿನ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿರಿಸಿಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಾನವನ್ನು ಪ್ರಶಂಸಿಸುವುದಾಗಲಿ ಖಂಡಿಸುವುದಾಗಲಿ ಇಲ್ಲಿಯ ಗುರಿಯಲ್ಲ.

೨

ಮೊದಲು ಸೀಮೆಯ ಸ್ವರೂಪವನ್ನು ಗಮನಿಸಬೇಕು. ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದುದು ೧೯೯೭ರಲ್ಲಿ. ಅದಕ್ಕೆ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿ ಇತ್ತೀಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಹಿಂದಿನ ಕಾಲದಲ್ಲಿಯೂ ಈ ಭಾಗ ಒಂದೇ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಪೂರ್ವಭಾಗ ನೊಳಂಬವಾಡಿಗೆ ಸೇರಿ ಉಚ್ಚಂಗಿಯ ಪಾಂಡ್ಯರ ಪ್ರಭಾವದಲ್ಲಿತ್ತು; ಪಶ್ಚಿಮದಲ್ಲಿ ಬೆಳಗುತ್ತಿಯ ಸಿಂದರು ಆಳಿದರು; ಮುಂದೆ ಸಂತೆಬೆನ್ನೂರಿನ ನಾಯಕರೂ ಕೆಳದಿಯ ಅರಸರೂ ಇಲ್ಲಿ ಅಧಿಕಾರ ನಡೆಸಿದರು. ಚನ್ನಗಿರಿಗೆ ಆ ಹೆಸರು ಕೆಳದಿಯ ಚೆನ್ನಮ್ಮಾಜಿಯಿಂದ ಬಂದಿತೆಂಬುದು ಪ್ರತೀತಿ. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ಸೀಮೆ ಮೈಸೂರಿನ ಅಧೀನವಾಯಿತು.

ಭೂಗುಣದಲ್ಲಿಯೂ ಈ ನಾಲ್ಕು ತಾಲ್ಲೂಕುಗಳು ಸಮಾನವಲ್ಲ. ಜಗಳೂರು ಮಳೆ ಕಡಿಮೆಯಾದ ಬಯಲುಸೀಮೆ. ಚನ್ನಗಿರಿ ಸೂಳೆಕೆರೆ ಅಥವಾ ಶಾಂತಿಸಾಗರವೆಂಬ ಮಹಾತಟಾಕವನ್ನೂ, ಭದ್ರೆಯ ನಾಲೆಯ ನೀರನ್ನೂ, ಅಡಕೆ ತೆಂಗುಗಳ ತೋಟಗಳನ್ನೂ ಉಳ್ಳ ತಾಲ್ಲೂಕು. ಹೊನ್ನಾಳಿ ತುಂಗಭದ್ರೆಯ ದಡದ ಊರು. ನ್ಯಾಮತಿಯ ಪಶ್ಚಿಮದ ಅಂಚು ಮಲೆನಾಡಿನ ಸೆರಗನ್ನು ಮುಟ್ಟುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ನಡೆದಂತೆ ಜೋಳ ರಾಗಿಗಳ ಒಣಭೂಮಿ ಕ್ರಮೇಣ ಬತ್ತದ ಗದ್ದೆಗೂ ತೋಟಕ್ಕೂ ಎಡೆಗೊಡುತ್ತದೆ.

ಬೆಳೆ ಬದಲಾದಂತೆ ಮರವೂ ಬದಲಾಗುತ್ತದೆ. ಮರ ಬದಲಾದಂತೆ ಪಾನವೂ ಬದಲಾಗುತ್ತದೆ. ಬಯಲುಸೀಮೆಯಲ್ಲಿ ಕಳ್ಳಿಗೆ ಆಧಾರವಾದುದು ಈಚಲು ಮರ. ಹಳ್ಳದ ಅಂಚಿನಲ್ಲಿ, ಕೆರೆಯ ಹಿಂದೆ, ಬೇರೆ ಬೆಳೆಗೆ ಒದಗದ ನೆಲದಲ್ಲಿ ತಾನೇ ತಾನಾಗಿ ಬೆಳೆಯುವ ಈ ಮರಕ್ಕೆ ಆರೈಕೆ ಬೇಕಿಲ್ಲ. ತೋಟದ ಸೀಮೆಯಲ್ಲಿ ತೆಂಗು, ಮಲೆನಾಡಿನಲ್ಲಿ ಬಗನಿ ಆ ಸ್ಥಾನವನ್ನು ಪಡೆದುವು. ಈಚಲಿನಲ್ಲಿ ಕಾಂಡದ ತುದಿಯ ಬಳಿ ಸಿಪ್ಪೆ ಕೆತ್ತಿ ಇಳಿಸುವ ರಸ, ತೆಂಗಿನಲ್ಲಿ ಅರಳದ ಹೊಂಬಾಳೆಯಿಂದ ಇಳಿಸುವ ರಸ, ಬಗನಿಯಲ್ಲಿ ಹೂಗೊಂಚಲಿನಿಂದ ಇಳಿಸುವ ರಸ ಇವು ಒಂದೇ ರುಚಿಯವಲ್ಲ. ಆದುದರಿಂದ ಇಲ್ಲಿಯ ಪಾನಕ್ಕೆ ಸ್ಥಳಗುಣವಿರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ.

೩

ಹೀಗಿರುವಲ್ಲಿ ಹೆಸರು ಏಕೆ ನಿಲ್ಲಲಿಲ್ಲ? ಉತ್ತರದ ಒಂದು ಭಾಗ ರಸದ ಸ್ವಭಾವದಲ್ಲಿಯೇ ಇದೆ. ಮರದಿಂದ ಇಳಿದ ರಸದಲ್ಲಿ ನೂರಕ್ಕೆ ಸುಮಾರು ಹತ್ತು ಹನ್ನೆರಡು ಪಾಲು ಸಕ್ಕರೆಯಿರುತ್ತದೆ. ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಹುದುಗಿನ ಸೂಕ್ಷ್ಮಜೀವಿಗಳು ಒಡನೆಯೇ ಅದರಲ್ಲಿ ಕೆಲಸ ಪ್ರಾರಂಭಿಸುತ್ತವೆ. ಗಡಿಗೆಯ ಒಳಗೆ ಸುಣ್ಣ ಬಳಿದರೆ ಈ ಕ್ರಿಯೆ ನಿಧಾನವಾಗಿ ಸಿಹಿಯಾದ ನೀರಾ ದೊರೆಯುತ್ತದೆ. ಬಳಿಯದಿದ್ದರೆ ಕೆಲವು ಗಂಟೆಗಳಲ್ಲಿಯೇ ರಸ ನೊರೆಗಟ್ಟಿ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರವುಳ್ಳ ಕಳ್ಳಾಗುತ್ತದೆ. ಇನ್ನೂ ಬಿಟ್ಟರೆ ಹುಳಿ ಹೆಚ್ಚಿ ಕೊನೆಗೆ ಕುಡಿಯಲು ಬಾರದ ಕಾಡಿಯಾಗುತ್ತದೆ. ಬೆಳಗಿನ ಸಿಹಿ, ಮಧ್ಯಾಹ್ನದ ಸಿಹಿಹುಳಿ, ಸಂಜೆಯ ಕಡುಹುಳಿ ಇವು ಒಂದೇ ಗಡಿಗೆಯ ಮೂರು ಅವಸ್ಥೆಗಳು.

ದ್ರಾಕ್ಷಾಮದ್ಯದ ಸ್ಥಿತಿ ಬೇರೆ. ಅದರ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ ಹನ್ನೊಂದರಿಂದ ಹದಿನಾಲ್ಕರಷ್ಟಿದ್ದು, ದ್ರಾಕ್ಷಿಯ ಹುಳಿಯ ಬಲವೂ ಸೇರಿ, ಗಾಳಿ ತಾಗದಂತೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಬಾಳುತ್ತದೆ. ಬಾಳುವ ವಸ್ತು ಪ್ರಯಾಣ ಮಾಡಬಲ್ಲದು. ಪ್ರಯಾಣ ಮಾಡುವ ವಸ್ತುವಿಗೆ ಹುಟ್ಟಿದ ಊರಿನ ಹೆಸರು ಬೇಕಾಗುತ್ತದೆ. ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿಯಾದ ಪೆರಿಪ್ಲಸ್ ಗ್ರಂಥದಲ್ಲಿ ಭರುಕಚ್ಛದ ರೇವಿಗೆ ಇಟಲಿಯ ಮದ್ಯ, ಲವೊದಿಕೆಯದ ಮದ್ಯ, ಅರೇಬಿಯದ ಮದ್ಯಗಳು ಬರುತ್ತಿದ್ದುವೆಂದೂ ಅವುಗಳಲ್ಲಿ ಇಟಲಿಯದಕ್ಕೆ ಹೆಚ್ಚಿನ ಮನ್ನಣೆಯಿತ್ತೆಂದೂ ಹೇಳಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳಿವೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆಯನ್ನೂ ಕೊಟ್ಟಿದೆ. ಆರರಲ್ಲಿ ಉತ್ಪತ್ತಿಸ್ಥಳದ ಹೆಸರಿನಿಂದ ವಿವರಿಸಿರುವುದು ದ್ರಾಕ್ಷಾರಸದಿಂದಾದ ಮಧುವನ್ನು ಮಾತ್ರ: ಕಾಪಿಶಾಯನ ಮತ್ತು ಹಾರಹೂರಕ. ದೂರದ ವಾಯವ್ಯ ದೇಶದಿಂದ ಬಂದುದಕ್ಕೆ ಊರಿನ ಹೆಸರು. ಮನೆಯ ಬಳಿ ಮಾಡಿದುದಕ್ಕೆ ಮಾಡುವ ಬಗೆಯ ಹೆಸರು. ಕಳ್ಳಿಗೆ ಊರಿನ ಹೆಸರು ಬರದಿದ್ದುದಕ್ಕೆ ಮೊದಲ ಕಾರಣವನ್ನು ಈ ವ್ಯತ್ಯಾಸ ತಿಳಿಸುತ್ತದೆ. ಅದು ಇಳಿದ ಊರಿನಲ್ಲಿಯೇ, ಇಳಿದ ದಿನವೇ ತೀರಬೇಕಾದ ಪಾನ. ಅದರ ಅಗ್ಗತನಕ್ಕೂ ಇದೇ ಕಾರಣ. ಸಾಗಾಟವಿಲ್ಲ, ಸಂಗ್ರಹವಿಲ್ಲ, ನಡುವೆ ವರ್ತಕನಿಲ್ಲ.

೪

ಇನ್ನು ಪಾನದೊಡನೆ ತಿನ್ನುವ ಆಹಾರದ ವಿಚಾರ. ಈ ಬಗ್ಗೆ ಕನ್ನಡದಲ್ಲಿ ಒಂದು ಹಳೆಯ ಶಬ್ದವೇ ಇದೆ: ಚಕ್ಕಣ. ಮದ್ಯದೊಡನೆ ನಂಜಿಕೊಳ್ಳುವ, ಕುಡಿಯುವ ಬಯಕೆಯನ್ನು ಹೆಚ್ಚಿಸುವ ರುಚಿಪದಾರ್ಥವೆಂದು ಇದರ ಅರ್ಥ. ಸಂಸ್ಕೃತದಲ್ಲಿ ಇದಕ್ಕೆ ಉಪದಂಶ, ಅವದಂಶ ಎಂಬ ಶಬ್ದಗಳಿವೆ; ಅಮರಕೋಶವು ಇದನ್ನು ಶೂದ್ರವರ್ಗದಲ್ಲಿ ಮದ್ಯದ ಪರ್ಯಾಯಪದಗಳ ಜೊತೆಯಲ್ಲಿಯೇ ಹೇಳುತ್ತದೆ. ಒಂದು ಭಾಷೆಯಲ್ಲಿ ಪಾನದೊಡನೆ ತಿನ್ನುವ ತಿನಿಸಿಗೆಂದೇ ಪ್ರತ್ಯೇಕ ಶಬ್ದವಿದೆಯೆಂದರೆ, ಅದನ್ನಾಡಿದ ಜನರು ಪಾನ ಮತ್ತು ಆಹಾರಗಳ ಹೊಂದಾಣಿಕೆಯನ್ನು ಕುರಿತು ಯೋಚಿಸಿದ್ದರೆಂದೇ ಅರ್ಥ.

ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಈ ಯೋಚನೆ ಇನ್ನೂ ಸ್ಪಷ್ಟವಾಗಿದೆ. ಚರಕಸಂಹಿತೆ ಸೂತ್ರಸ್ಥಾನದಲ್ಲಿ ೮೪ ಆಸವಗಳನ್ನು ಎಣಿಸುತ್ತದೆ. ಚಿಕಿತ್ಸಾಸ್ಥಾನದ ಮದಾತ್ಯಯ ಪ್ರಕರಣದಲ್ಲಿ ಬೆಲ್ಲದ ಮತ್ತು ಹಿಟ್ಟಿನ ಮದ್ಯಗಳು ವಾತಪ್ರಕೃತಿಯವರಿಗೂ, ದ್ರಾಕ್ಷಿಯ ಮತ್ತು ಜೇನಿನ ಮದ್ಯಗಳು ಕಫಪಿತ್ತಪ್ರಕೃತಿಯವರಿಗೂ ಹಿತವೆಂದು ಹೇಳಿದೆ. ವಿಧಿ, ಪ್ರಮಾಣ, ಕಾಲ, ಹಿತವಾದ ಆಹಾರ ಇವುಗಳೊಡನೆ ಕೂಡಿದ ಪಾನ ಅಮೃತಪ್ರಾಯ, ಇವುಗಳಿಗೆ ವಿರುದ್ಧವಾದುದು ವಿಷಪ್ರಾಯವೆಂಬುದು ಅಲ್ಲಿಯ ಅಭಿಪ್ರಾಯ. ಆಹಾರವಿಲ್ಲದ ಪಾನವನ್ನು ಶಾಸ್ತ್ರ ಒಪ್ಪಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಕಾವ್ಯಗಳ ಸಾಕ್ಷ್ಯವನ್ನು ಉಪಯೋಗಿಸುವಾಗ ಎಚ್ಚರ ಬೇಕು. ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆ ಬರುತ್ತದೆ, ಅನಂತರದ ಚಂಪೂಕವಿಗಳಲ್ಲಿಯೂ ಅದು ಕಾಣುತ್ತದೆ. ಆದರೆ ಮಧುಪಾನವರ್ಣನೆ ಮಹಾಕಾವ್ಯಕ್ಕೆ ಅಲಂಕಾರಶಾಸ್ತ್ರ ವಿಧಿಸಿದ ಅಂಗಗಳಲ್ಲಿ ಒಂದು. ದಂಡಿಯ ಲಕ್ಷಣದಲ್ಲಿಯೇ ಅದು ಸೇರಿದೆ. ಹೀಗೆ ವಿಧಿಗೆ ಕಟ್ಟುಬಿದ್ದು ಬರೆದ ವರ್ಣನೆಯನ್ನು ಜನಜೀವನದ ನೇರವಾದ ಚಿತ್ರವೆಂದು ಸ್ವೀಕರಿಸಲಾಗದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬–೧೧೩೮) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೂ ಮದಿರಾಪಾನಕ್ರೀಡೆಯೂ ವಿಸ್ತಾರವಾಗಿ ಬಂದಿವೆ. ನೊಳಂಬವಾಡಿ ಆ ಸಾಮ್ರಾಜ್ಯಕ್ಕೆ ಸೇರಿದ ಪ್ರದೇಶವಾದರೂ ಗ್ರಂಥದಲ್ಲಿರುವುದು ಅರಮನೆಯ ವಿನೋದ. ಜಗಳೂರಿನ ಕಡೆಯ ಒಕ್ಕಲಿನ ಸಂಜೆಯಲ್ಲ. ಸು. ೧೫೦೮ರ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಅಮೂಲ್ಯವಾದ ಪಾಕಗ್ರಂಥ. ಆದರೆ ಜೈನಕವಿಯ ಆ ಕೃತಿ ಶಾಕಾಹಾರಕ್ಕೆ ಸೀಮಿತವಾದುದರಿಂದ ಚಕ್ಕಣದ ವಿಚಾರವನ್ನು ಅಲ್ಲಿ ಅರಸುವಂತಿಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿ ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ದೊರೆಯುತ್ತಿದ್ದುದನ್ನು ಹೇಳುತ್ತಾನೆ. ಒಂದು ಪಣಕ್ಕೆ ಮೂರೇ ಗೊಂಚಲಾದರೆ ದ್ರಾಕ್ಷಿ ಬಡವನ ಹಣ್ಣಾಗಿರಲಿಲ್ಲ. ಅದರಿಂದಾಗುವ ಮದ್ಯ ಅವನ ಪಾನವಾಗಿರುವ ಸಂಭವ ಇನ್ನೂ ಕಡಿಮೆ.

ಆದುದರಿಂದ ಸಾಮಾನ್ಯ ಜನರ ಚಕ್ಕಣವನ್ನು ಗ್ರಂಥಗಳಿಗಿಂತ ಇಂದೂ ಉಳಿದಿರುವ ಆಹಾರದಿಂದಲೇ ಊಹಿಸಬೇಕಾಗುತ್ತದೆ. ಈ ಸೀಮೆಯ ಊಟದ ಆಧಾರ ಜೋಳದ ರೊಟ್ಟಿ, ರಾಗಿಮುದ್ದೆ, ಪಶ್ಚಿಮದಲ್ಲಿ ಅನ್ನ. ನಂಜಿಕೊಳ್ಳಲು ಗುರೆಳ್ಳಿನ ಪುಡಿ, ಶೇಂಗಾ ಚಟ್ನಿ, ಹಸಿಯ ಈರುಳ್ಳಿ, ಮೆಣಸಿನಕಾಯಿ. ಸಂಜೆಯ ತಿನಿಸಾಗಿ ಹುರಿದ ಕಡಲೆ, ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಾಂಸಾಹಾರಿಗಳಲ್ಲಿ ಬಾಡಿನ ಪಲ್ಯ, ಹುರಿದ ಬೋಟಿ, ಒಣಮೀನು. ಹೊನ್ನಾಳಿಯ ಕಡೆ ಹೊಳೆಯ ಮೀನು. ಇವೆಲ್ಲಕ್ಕೂ ಸಾಮಾನ್ಯವಾದ ಗುಣಗಳು ಮೂರು: ಖಾರ, ಉಪ್ಪು, ಎಣ್ಣೆಯ ಜಿಡ್ಡು.

ಇಲ್ಲಿ ಒಂದು ಐತಿಹಾಸಿಕ ಅಂಶವನ್ನು ಮರೆಯಬಾರದು. ಮೆಣಸಿನಕಾಯಿಯಾಗಲಿ ಶೇಂಗಾ ಆಗಲಿ ಈ ನೆಲದ ಮೂಲಬೆಳೆಗಳಲ್ಲ. ಎರಡೂ ಅಮೆರಿಕ ಖಂಡದವು. ಮೆಣಸಿನಕಾಯಿ ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು ಕ್ರಮೇಣ ಒಳನಾಡಿಗೆ ಹಬ್ಬಿತು. ಪಂಪನ ಕಾಲದ ಚಕ್ಕಣದ ಖಾರ ಕರಿಮೆಣಸಿನದು, ಶುಂಠಿಯದು. ಹೀಗಾಗಿ ಇಂದು ನಾವು ಅನಾದಿಯೆಂದು ಭಾವಿಸುವ ಖಾರದ ಬಜ್ಜಿಯೂ ಶೇಂಗಾ ಚಟ್ನಿಯೂ ಐದು ಶತಮಾನಗಳೊಳಗಿನ ರೂಢಿಗಳು. ಪಾನ ಹಳೆಯದು, ಅದರೊಡನಿದ್ದ ತಿನಿಸು ಜಗತ್ತಿನ ವ್ಯಾಪಾರದೊಡನೆ ಬದಲಾಯಿತು.

ಈ ತಿನಿಸಿಗೆ ಕಳ್ಳು ಎಷ್ಟರ ಮಟ್ಟಿಗೆ ಒಪ್ಪುತ್ತಿತ್ತು? ಇಂದಿನ ದ್ರಾಕ್ಷಾಮದ್ಯ ಪರೀಕ್ಷಕರ ಸೂತ್ರಗಳಿಂದಲೇ ಇದನ್ನು ನೋಡಬಹುದು. ಪಾನದಲ್ಲಿ ಅವರು ಪರೀಕ್ಷಿಸುವುದು ಮುಖ್ಯವಾಗಿ ಸಿಹಿ, ಹುಳಿ, ಒಗರು, ಮದ್ಯಸಾರದ ಬಿಸಿ ಮತ್ತು ಪರಿಮಳ. ಖಾರದ ತಿನಿಸಿನೊಡನೆ ಮದ್ಯಸಾರ ಹೆಚ್ಚಾದ ಪಾನ ನಾಲಗೆಯ ಉರಿಯನ್ನು ಹೆಚ್ಚಿಸುತ್ತದೆ; ಕೆಂಪು ದ್ರಾಕ್ಷಾಮದ್ಯದ ಒಗರು ಅದನ್ನು ಇನ್ನೂ ಕಠಿಣಗೊಳಿಸುತ್ತದೆ. ಅಲ್ಪವಾದ ಸಿಹಿ ಉರಿಯನ್ನು ಶಮನಗೊಳಿಸುತ್ತದೆ. ಹುಳಿಯೂ ನೊರೆಯೂ ಎಣ್ಣೆಯ ಜಿಡ್ಡನ್ನು ಕಳೆದು ಬಾಯನ್ನು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತವೆ. ಆದುದರಿಂದ ಖಾರದ ಊಟಕ್ಕೆ ಅವರು ಸೂಚಿಸುವುದು ಬೆಲೆಬಾಳುವ ಕೆಂಪು ಮದ್ಯಗಳನ್ನಲ್ಲ. ಪೋರ್ಚುಗಲ್ಲಿನ ವಿನ್ಯೋ ವೆರ್ದೆ, ಜರ್ಮನಿಯ ಮೋಜೆಲ್ ಕಣಿವೆಯ ಸಿಹಿಲೇಪವುಳ್ಳ ರೀಸ್ಲಿಂಗ್, ಇಟಲಿಯ ಮೊಸ್ಕಾತೊ ದಾಸ್ತಿ ಮೊದಲಾದ ಹಗುರವಾದ, ಬಹುಮಟ್ಟಿಗೆ ಅಗ್ಗವಾದ ಮದ್ಯಗಳನ್ನು. ಮೊಸ್ಕಾತೊ ದಾಸ್ತಿಯ ಮದ್ಯಸಾರ ನೂರಕ್ಕೆ ಸುಮಾರು ಐದು. ಅದು ಸಿಹಿ, ಸ್ವಲ್ಪ ಹುಳಿ, ಸಣ್ಣನೆಯ ನೊರೆಯುಳ್ಳದ್ದು.

ಈ ಲಕ್ಷಣಗಳನ್ನು ಮಧ್ಯಾಹ್ನದ ಈಚಲುಕಳ್ಳಿನ ಲಕ್ಷಣಗಳ ಪಕ್ಕದಲ್ಲಿರಿಸಿ ನೋಡಿದರೆ ಸಾಮ್ಯ ಎದ್ದು ಕಾಣುತ್ತದೆ. ಸಿಹಿ, ಹುಳಿ, ನೊರೆ, ಅಲ್ಪವಾದ ಮದ್ಯಸಾರ ಈ ನಾಲ್ಕೂ ಎರಡರಲ್ಲಿಯೂ ಇವೆ. ಮೆಣಸಿನಕಾಯಿ ಬಜ್ಜಿಗೂ ಖಾರದ ಪಲ್ಯಕ್ಕೂ ಇಂದಿನ ಪರೀಕ್ಷಕನು ಜಗತ್ತನ್ನೆಲ್ಲ ಹುಡುಕಿ ಆರಿಸುವ ಗುಣಗಳು ಜಗಳೂರಿನ ಹಳ್ಳದ ದಂಡೆಯ ಮರದಲ್ಲಿಯೇ ಇದ್ದುವು. ಪಾನ ಮತ್ತು ಆಹಾರಗಳ ವಿಚಾರದಲ್ಲಿ ಇಲ್ಲಿಯ ಜನರಿಗೆ ವಿವೇಕವಿರಲಿಲ್ಲವೆಂಬ ಎರಡನೆಯ ಊಹೆಯೂ ಹೀಗೆ ಬಿದ್ದುಹೋಗುತ್ತದೆ.

೫

ಉಳಿದುದು ಮೂರನೆಯ ಪ್ರಶ್ನೆ. ರಸದ ಅಲ್ಪಾಯುಷ್ಯ ಒಂದು ಕಾರಣವೆಂದೆವು. ಆದರೆ ಅದೊಂದೇ ಕಾರಣವಾಗಿದ್ದರೆ ಪಾನ ಹೆಸರಿಲ್ಲದೆಯಾದರೂ ಊರಿನಲ್ಲಿ ಉಳಿಯಬೇಕಾಗಿತ್ತು. ಅದು ಉಳಿಯಲಿಲ್ಲ. ಇದನ್ನು ತಿಳಿಯಲು ರಾಜ್ಯಶಾಸನದ ಕಡೆ ತಿರುಗಬೇಕು.

೧೭೧೬ರಲ್ಲಿ ಇಟಲಿಯ ತೊಸ್ಕಾನದ ದೊರೆ ಮೂರನೆಯ ಕೊಸಿಮೊ ಕಿಯಾಂಟಿ ಮೊದಲಾದ ಸೀಮೆಗಳ ಎಲ್ಲೆಯನ್ನು ಶಾಸನದಿಂದ ನಿರ್ಣಯಿಸಿದನು. ೧೭೫೬ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲನು ಡೋರೊ ನದಿಯ ಕಣಿವೆಯಲ್ಲಿ ಪೋರ್ಟ್ ಮದ್ಯದ ದ್ರಾಕ್ಷಿ ಬೆಳೆಯುವ ಪ್ರದೇಶಕ್ಕೆ ಗಡಿ ಕಟ್ಟುವ ವ್ಯವಸ್ಥೆ ಮಾಡಿದನು, ಗಡಿಗಲ್ಲುಗಳನ್ನೇ ನೆಡಲಾಯಿತು. ಕಲಬೆರಕೆಯನ್ನು ತಡೆದು ವಿದೇಶದ ವ್ಯಾಪಾರವನ್ನು ಕಾಪಾಡುವುದು ಅದರ ಉದ್ದೇಶ. ೧೯೩೫ರಲ್ಲಿ ಫ್ರಾನ್ಸ್ ದೇಶವು ಮೂಲಸ್ಥಾನದ ಹೆಸರುಗಳನ್ನು ರಕ್ಷಿಸುವ ಕಾನೂನನ್ನು ಕ್ರಮಬದ್ಧಗೊಳಿಸಿತು. ಅಲ್ಲಿಯೂ ಸರಕಾರಗಳು ಮದ್ಯದಿಂದ ತೆರಿಗೆ ಪಡೆದುವು. ಆದರೆ ತೆರಿಗೆಯ ಜೊತೆಗೆ ಪಾನವನ್ನು ನೆಲಕ್ಕೂ ಬೆಳೆಗಾರನಿಗೂ ಕಟ್ಟಿಹಾಕಿದುವು.

ನಮ್ಮಲ್ಲಿ ನಡೆದುದು ಬೇರೆ. ಅರ್ಥಶಾಸ್ತ್ರದ ಸುರಾಧ್ಯಕ್ಷನಿಗೆ ತೆರಿಗೆಯ ಜೊತೆಗೆ ಬೇರೆ ಹೊಣೆಗಳೂ ಇದ್ದುವು. ಪಾನಗೃಹದಲ್ಲಿ ಪ್ರತ್ಯೇಕ ಕೋಣೆಗಳಿರಬೇಕು, ನಡತೆ ತಿಳಿದವರಿಗೆ ಅಲ್ಪಪ್ರಮಾಣದಲ್ಲಿ ಮಾರಬೇಕು, ಉತ್ಸವ ಯಾತ್ರೆಗಳಲ್ಲಿ ನಾಲ್ಕು ದಿನ ಜನರೇ ಮಾಡಿಕೊಳ್ಳಲು ಅವಕಾಶವಿರಬೇಕು ಎಂದು ಅಲ್ಲಿ ವಿಧಿಸಿದೆ. ಆಧುನಿಕ ಕಾಲದ ಅಬ್ಕಾರಿ ವ್ಯವಸ್ಥೆಯಲ್ಲಿ ಇಂಥ ವಿವರ ಕ್ಷೀಣಿಸಿ ಗುತ್ತಿಗೆಯೇ ಪ್ರಧಾನವಾಯಿತು. ಅಂಗಡಿಯ ಹಕ್ಕು ಹರಾಜಿಗೆ ಬಂದಿತು. ಹೆಚ್ಚು ಹಣ ಕೂಗಿದವನಿಗೆ ಅದು ದೊರೆಯಿತು. ಮರ ಇಳಿಸುವ ಈಡಿಗನು ತನ್ನ ಊರಿನ ಮರದ ರಸವನ್ನು ತಾನೇ ಮಾರುವ ಸ್ವತಂತ್ರನಾಗಿರದೆ ಗುತ್ತಿಗೆದಾರನ ಕೂಲಿಯಾದನು. ಗುತ್ತಿಗೆದಾರನಿಗೆ ಬೇಕಾದುದು ರುಚಿಯಲ್ಲ, ಅಳತೆ. ಕೂಗಿದ ಹಣವನ್ನು ಅವಧಿಯೊಳಗೆ ಮರಳಿ ಪಡೆಯಬೇಕಾದವನು ಹೆಚ್ಚು ಮಾರಲೇಬೇಕು. ಭಟ್ಟಿ ಇಳಿಸಿದ ಸಾರಾಯಿ ಈ ವ್ಯವಸ್ಥೆಗೆ ಕಳ್ಳಿಗಿಂತ ಚೆನ್ನಾಗಿ ಹೊಂದಿತು. ಅದು ಕೆಡುವುದಿಲ್ಲ, ಎಲ್ಲಿಗಾದರೂ ಸಾಗಿಸಬಹುದು, ಅಳೆಯುವುದು ಸುಲಭ. ಡೋರೊ ಕಣಿವೆಯಲ್ಲಿ ಶಾಸನ ಪಾನವನ್ನು ನೆಲಕ್ಕೆ ಕಟ್ಟಿತು. ನಮ್ಮಲ್ಲಿ ಅದು ಪಾನವನ್ನು ಹರಾಜಿಗೆ ಕಟ್ಟಿತು. ಎರಡೂ ಸೀಮೆಗಳ ಮುಂದಿನ ಚರಿತ್ರೆ ಬೇರೆಬೇರೆಯಾದುದಕ್ಕೆ ಇದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

೬

ಆದರೆ ಈ ಚರಿತ್ರೆಯನ್ನು ರುಚಿಯ ದೃಷ್ಟಿಯೊಂದರಿಂದಲೇ ಬರೆದರೆ ಅದು ಏಕಪಕ್ಷೀಯವಾಗುತ್ತದೆ. ಪಾನವಿರೋಧವೂ ಈ ನೆಲದ ಪರಂಪರೆಯೇ. ೧೨ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವ ಕಾಯಕದವನಾದ ಆತನು ವಚನಗಳನ್ನು ರಚಿಸಿ, ತನ್ನ ವೃತ್ತಿಯ ಪರಿಭಾಷೆಯನ್ನೇ ಅರಿವಿನ ಮಾತಿಗೆ ಸಾಧನವಾಗಿಸಿಕೊಂಡನು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರ ಜನರ ಗುರು ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ; ಮಾದಕಪಾನವನ್ನು ತ್ಯಜಿಸಬೇಕೆಂಬುದು ಅವರ ಬೋಧನೆಗಳಲ್ಲಿ ಒಂದೆಂದು ಆ ಜನರ ಸಂಪ್ರದಾಯ ಹೇಳುತ್ತದೆ. ೧೮ನೆಯ ಶತಮಾನದ ಕೊನೆಯಲ್ಲಿ ಟಿಪ್ಪುಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಲು ಯತ್ನಿಸಿದನು.

೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಡೆದ ಅರಣ್ಯ ಸತ್ಯಾಗ್ರಹ ಇಲ್ಲಿ ವಿಶೇಷವಾಗಿ ಸ್ಮರಣೀಯ. ಜಗಳೂರಿಗೆ ನೆರೆಯ ಸೀಮೆಯಾದ ಅಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಕಾನೂನನ್ನು ಮುರಿದರು. ಎಸ್. ನಿಜಲಿಂಗಪ್ಪನವರು ಅದರಲ್ಲಿ ಮುಂದಾಳಾಗಿ ಸೆರೆಮನೆ ಸೇರಿದರು. ಈಚಲು ಮರ ಅವರ ಕಣ್ಣಿಗೆ ಸರಕಾರದ ಆದಾಯದ ಮೂಲವಾಗಿಯೂ ಬಡವನ ಮನೆಯ ಕೇಡಾಗಿಯೂ ಕಂಡಿತು. ಆ ನೋಟದಲ್ಲಿ ಸತ್ಯವಿತ್ತು. ಕೂಲಿಯ ಹಣ ಅಂಗಡಿಯಲ್ಲಿ ಕರಗಿ, ಮನೆಯಲ್ಲಿ ಹೆಂಗಸರೂ ಮಕ್ಕಳೂ ಉಪವಾಸವಿದ್ದ ದುಃಖವನ್ನು ಯಾವ ರಸವಿಮರ್ಶೆಯೂ ಮರೆಮಾಡಲಾರದು. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕುಡುಕನೊಬ್ಬನ ಬಾಯಿಂದ ಆಡಿಸಿದ ಕವಿತೆಗಳಾಗಿ ಜನಪ್ರಿಯವಾದುವು. ಹಳಗನ್ನಡದ ಪಾನಗೋಷ್ಠಿಯಲ್ಲಿ ಇಲ್ಲದಿದ್ದ ಬಡವನು ಕನ್ನಡ ಕಾವ್ಯವನ್ನು ಪ್ರವೇಶಿಸಿದುದು ಹೀಗೆ.

ಸ್ವಾತಂತ್ರ್ಯಾನಂತರ ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿರೋಧವನ್ನು ರಾಜ್ಯದ ಧ್ಯೇಯಗಳಲ್ಲಿ ಸೇರಿಸಿತು. ೧೯೬೧ರಲ್ಲಿ ಮೈಸೂರು ರಾಜ್ಯಕ್ಕೆ ಪಾನನಿರೋಧ ಕಾನೂನು ರೂಪುಗೊಂಡಿತು. ೧೯೬೫ರಲ್ಲಿ ಅಬ್ಕಾರಿ ಕಾನೂನು ಬಂದಿತು. ೧೯೬೭ರಲ್ಲಿ ಪಾನನಿರೋಧ ತೆರವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನಿಜಲಿಂಗಪ್ಪನವರೇ. ೧೯೩೯ರ ಸತ್ಯಾಗ್ರಹಿಯ ಸರಕಾರವೇ ೧೯೬೭ರಲ್ಲಿ ಅಂಗಡಿಯನ್ನು ತೆರೆಯಬೇಕಾಯಿತು. ಇದನ್ನು ವ್ಯಕ್ತಿಯ ದೋಷವೆಂದು ತಿಳಿಯುವುದು ಸರಿಯಲ್ಲ. ಖಜಾನೆ ಒಮ್ಮೆ ಒಂದು ಆದಾಯಕ್ಕೆ ಒಗ್ಗಿಕೊಂಡರೆ ಅದನ್ನು ಬಿಡುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಬಹುಭಾಗದಲ್ಲಿ ಕಳ್ಳು ಇಳಿಸುವುದಕ್ಕೆ ತಡೆ ಬಿದ್ದಿತು. ೨೦೦೭ರ ಜುಲೈ ೧ರಿಂದ ಸಾರಾಯಿ ಮಾರಾಟವೂ ನಿಂತಿತು. ಅದೇ ೨೦೦೭ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾಮದ್ಯ ನೀತಿಯನ್ನು ಪ್ರಕಟಿಸಿ, ದ್ರಾಕ್ಷಾಮದ್ಯ ಮಂಡಳಿಯನ್ನು ಸ್ಥಾಪಿಸಿತು. ಅದಕ್ಕೆ ಮೊದಲೇ ೧೯೮೮ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ದ್ರಾಕ್ಷಿತೋಟ ಪ್ರಾರಂಭವಾಗಿತ್ತು. ೨೦೧೩ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತು ದೊರೆಯಿತು. ಹೊರಗಿನಿಂದ ಬಂದ ದ್ರಾಕ್ಷಿಗೆ ನಮ್ಮ ಊರಿನ ಹೆಸರು ಕಾನೂನಿನ ರಕ್ಷಣೆಯೊಡನೆ ಲಭಿಸಿತು. ತಾನೇ ತಾನಾಗಿ ಬೆಳೆದ ಈಚಲಿಗೆ ಲಭಿಸಲಿಲ್ಲ. ದೀರ್ಘಕಾಲ ನಮ್ಮ ಅಂಗಡಿಗಳಲ್ಲಿ ಅಗ್ಗದ ಸಿಹಿ ದ್ರಾಕ್ಷಾಮದ್ಯವು ‘ಪೋರ್ಟ್’ ಎಂಬ ಹೆಸರಿನಲ್ಲಿಯೇ ಮಾರಾಟವಾಯಿತೆಂಬುದನ್ನೂ ಇಲ್ಲಿ ನೆನೆಯಬಹುದು. ಪೋರ್ತು ಪಟ್ಟಣದ ಹೆಸರು ಹೊನ್ನಾಳಿಯವರೆಗೆ ಬರಬಹುದಾಗಿತ್ತು. ಹೊನ್ನಾಳಿಯ ಹೆಸರು ತನ್ನ ಪಾನದ ಮೇಲೆಯೇ ನಿಲ್ಲಲಿಲ್ಲ.

ಈ ನಿಷೇಧಗಳಿಂದ ಕುಡಿತ ನಿಂತಿತೇ ಎಂದರೆ ಇಲ್ಲವೆಂದೇ ಹೇಳಬೇಕು. ಕಳ್ಳು ಸಾರಾಯಿಗಳ ಸ್ಥಾನವನ್ನು ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಬ್ರಾಂದಿ, ವಿಸ್ಕಿ, ರಮ್ಮುಗಳು ಪಡೆದುವು. ಅವುಗಳ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ ೪೨.೮, ಕಳ್ಳಿನದು ನಾಲ್ಕೈದು. ನೀರು ಬೆರೆಸಿ ಕುಡಿದರೂ ಅದು ಕಳ್ಳಿಗಿಂತ ಪ್ರಬಲ. ಅದಕ್ಕೆ ಮರವಿಲ್ಲ, ಋತುವಿಲ್ಲ, ಊರಿಲ್ಲ. ಜಗಳೂರಿನಲ್ಲಿಯೂ ನ್ಯಾಮತಿಯಲ್ಲಿಯೂ ಅದರ ರುಚಿ ಒಂದೇ. ಖಾರದ ತಿನಿಸಿನೊಡನೆ ಅದು ಉರಿಯ ಮೇಲೆ ಉರಿಯನ್ನು ಸೇರಿಸುತ್ತದೆ. ಚಕ್ಕಣ ಉಳಿದಿದೆ, ಆದರೆ ಅದು ಯಾವ ಪಾನಕ್ಕಾಗಿ ರೂಪುಗೊಂಡಿತೋ ಆ ಪಾನ ಇಲ್ಲ.

೭

ಇಷ್ಟು ವಿಚಾರದಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಮರ, ನೆಲ, ಆಹಾರಗಳಿಗೆ ಅನುಗುಣವಾದ ಅಗ್ಗದ ಪಾನವೊಂದು ಇದ್ದಿತು. ಅದು ಇಲ್ಲಿಯ ಊಟಕ್ಕೆ ಒಪ್ಪುವಂಥದಾಗಿತ್ತು. ಎರಡನೆಯದಾಗಿ, ಅದಕ್ಕೆ ಹೆಸರು ಬರದಿದ್ದುದು ಕೀಳ್ಮಟ್ಟದ್ದೆಂಬ ಕಾರಣದಿಂದಲ್ಲ, ಒಂದೇ ದಿನ ಬಾಳುವ ಅದರ ಸ್ವಭಾವದಿಂದ. ಮೂರನೆಯದಾಗಿ, ಅದು ಅಳಿದುದಕ್ಕೆ ಗುತ್ತಿಗೆಯೂ ನಿಷೇಧವೂ ಒಟ್ಟಿಗೆ ಕಾರಣ. ಗುತ್ತಿಗೆ ಅದನ್ನು ಕೆಡಿಸಿತು. ಕೆಟ್ಟುದನ್ನು ಕಂಡವರು ಮರವನ್ನೇ ಕಡಿದರು. ಗುತ್ತಿಗೆಯ ಲೋಭವನ್ನು ಮರದ ದೋಷವೆಂದು ಎಣಿಸಿದುದು ಆ ಕಾಲದ ದುರಂತ.

ಹಳೆಯ ಪಾನವನ್ನು ಮರಳಿ ತರಬೇಕೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಕುಡಿತದಿಂದ ನೊಂದ ಮನೆಗಳ ಮುಂದೆ ನಿಂತು ಅಂಥ ವಾದ ಹೂಡುವುದು ಸುಲಭವೂ ಅಲ್ಲ. ಚರಿತ್ರಕಾರನ ಕೆಲಸ ಅದಕ್ಕಿಂತ ಸಣ್ಣದು. ನಮ್ಮ ಆಹಾರದ ಚರಿತ್ರೆಯನ್ನು ಅರಮನೆಯ ಪಾಕಗ್ರಂಥಗಳಿಂದಲೂ, ಪಾನದ ಚರಿತ್ರೆಯನ್ನು ಅಬ್ಕಾರಿಯ ಲೆಕ್ಕಗಳಿಂದಲೂ ಬರೆಯುತ್ತ ಬಂದಿದ್ದೇವೆ. ಎರಡರಲ್ಲಿಯೂ ಒಕ್ಕಲಿಗನ ನಾಲಗೆ ಇಲ್ಲ. ಈಚಲನ್ನು ಏರಿದವರಲ್ಲಿ ವೃದ್ಧರಾದ ಕೆಲವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ತಿಂಗಳಲ್ಲಿ ಯಾವ ಮರ ಹೆಚ್ಚು ಸುರಿಯುತ್ತಿತ್ತು, ಯಾವ ಹೊತ್ತಿನ ಕಳ್ಳಿಗೆ ಯಾವ ತಿನಿಸು ಸೇರುತ್ತಿತ್ತು, ಅದರ ಪರಿಭಾಷೆಯೇನು ಎಂಬುದನ್ನು ಹೇಳಬಲ್ಲವರು ಅವರೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಾಲೇಜುಗಳ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ತಮ್ಮ ಊರಿನ ಇಂಥ ಹಿರಿಯರ ಬಳಿ ಕುಳಿತು ಈ ಶಬ್ದಗಳನ್ನೂ ವಿವರಗಳನ್ನೂ ಬರೆದುಕೊಂಡರೆ, ಚಕ್ಕಣವೆಂಬ ಒಂದು ಶಬ್ದದ ಸುತ್ತ ಇರಬೇಕಾದ ಲೋಕ ಸ್ವಲ್ಪಮಟ್ಟಿಗಾದರೂ ನಮಗೆ ದಕ್ಕೀತು. ಈ ಕಾರ್ಯ ಇನ್ನೊಂದು ತಲೆಮಾರಿಗೆ ಕಾಯುವಂಥದಲ್ಲ.